ಇಲ್ಲದ ಊರಿಗೊಂದು ನಕ್ಷೆ

‘ಫ್ಯಾಂಟಸಿ ಮ್ಯಾಪ್ ಜನರೇಟರ್’ ಎಂಬ ಉಚಿತ ತಂತ್ರಾಂಶದ ಹೊಟ್ಟೆಯೊಳಗೆ ಅಳ್ನಾವರ ಇದೆ, ಅಣ್ಣಿಗೇರಿ ಇದೆ, ಬಾದಾಮಿ, ಬಾಗಲಕೋಟೆಗಳೂ ಇವೆ. ಅಜ್ಗಾರ್ ಎಂಬ ಅಡ್ಡಹೆಸರಿನ ಪ್ರೋಗ್ರಾಮರ್ ಒಬ್ಬರು 2017ರಿಂದ ಬೆಳೆಸುತ್ತ ಬಂದಿರುವ ಈ ತಂತ್ರಾಂಶವನ್ನು ಬ್ರೌಸರ್‌ನಲ್ಲಿ ತೆರೆದರೆ, ಕೆಲವೇ ಸೆಕೆಂಡುಗಳಲ್ಲಿ ಭೂಮಿಯ ಮೇಲೆ ಎಲ್ಲೂ ಇಲ್ಲದ ಒಂದು ಖಂಡ ಮೂಡುತ್ತದೆ. ಬೆಟ್ಟ, ನದಿ, ರಾಜ್ಯ, ರಾಜಧಾನಿ, ಧರ್ಮ, ಸೈನ್ಯ ಎಲ್ಲವೂ ಸಿದ್ಧ. ಊರುಗಳಿಗೆ ಹೆಸರಿಡಲು ಅದು ಜಗತ್ತಿನ ಬೇರೆ ಬೇರೆ ಸೀಮೆಗಳ ನಿಜವಾದ ಊರಹೆಸರುಗಳನ್ನು ಒಡೆದು, ಯಾವ ಚೂರಿನ ಮುಂದೆ ಯಾವುದು ಬರಬಹುದೆಂಬ ಮಾರ್ಕೊವ್ ಸರಪಳಿಯ ಲೆಕ್ಕದಲ್ಲಿ ಮತ್ತೆ ಜೋಡಿಸುತ್ತದೆ. ಸೀಮೆವಾರು ಊರಹೆಸರುಗಳ ಆ ಪಟ್ಟಿಗಳಲ್ಲಿ ಒಂದರ ಹೆಸರೇ ‘ಕರ್ನಾಟಕ’. ಆ ಪಟ್ಟಿಯನ್ನು ಬಳಸುವ ಕಲ್ಪಿತ ಜನಾಂಗಕ್ಕೆ ‘ಕರ್ನಾಟಿಕ್’ ಎಂಬ ಹೆಸರು. ಜಗತ್ತಿನ ಯಾವುದೋ ಮೂಲೆಯಲ್ಲಿ ಆಟಕ್ಕೆಂದು ನಕ್ಷೆ ಮಾಡುವವರ ಪರದೆಯ ಮೇಲೆ ಧಾರವಾಡ ಜಿಲ್ಲೆಯ ಊರುಗಳ ದೂರದ ಸಂಬಂಧಿಗಳು ದಿನವೂ ಹುಟ್ಟುತ್ತಿರುತ್ತವೆ, ರೋಮನ್ ಅಕ್ಷರದಲ್ಲಿ.

ಕನ್ನಡದಲ್ಲೇ ಬರೆಯುವವರು, ಕನ್ನಡದ ನೆಲವನ್ನೇ ಮನಸ್ಸಿನಲ್ಲಿಟ್ಟುಕೊಂಡವರು ಇಂಥ ತಂತ್ರಾಂಶವನ್ನು ಹಿಡಿದಾಗ ಏನಾಗುತ್ತದೆ? ಪ್ರಶ್ನೆ ಈಗ ಕೆಲವರ ಹವ್ಯಾಸಕ್ಕಷ್ಟೇ ಸೇರಿದ್ದಲ್ಲ. ‘ರಂಗಿತರಂಗ’ದ ಕಮರೊಟ್ಟು ಎಂಬ ಊರು 2015ರಲ್ಲಿ ಹುಟ್ಟಿ 2022ರ ‘ವಿಕ್ರಾಂತ್ ರೋಣ’ದಲ್ಲಿ ಮತ್ತೆ ಬಂತು, 2018ರ ‘ಕೆಜಿಎಫ್’ ನಾರಾಚಿ ಎಂಬ ಗಣಿಯನ್ನು ಕಟ್ಟಿತು. ಚಂದ್ರಶೇಖರ ಕಂಬಾರರ ಶಿವಾಪುರ ದಶಕಗಳಿಂದ ನಾಟಕ, ಕಾವ್ಯ, ಕಾದಂಬರಿಗಳಲ್ಲಿ ಬೆಳೆಯುತ್ತಲೇ ಇದೆ. ಒಂದೇ ಕಲ್ಪಿತ ಊರು ಎರಡನೆಯ ಕೃತಿಗೆ ಕಾಲಿಟ್ಟ ಕ್ಷಣದಿಂದ ಗುಡಿ ಯಾವ ದಿಕ್ಕಿಗೆ, ಹಳ್ಳ ಎಲ್ಲಿ, ಪೇಟೆಗೆ ಎಷ್ಟು ಹೊತ್ತಿನ ದಾರಿ ಎಂಬುದನ್ನು ಎಲ್ಲಾದರೂ ಬರೆದಿಡಲೇಬೇಕಾಗುತ್ತದೆ. ಹುಬ್ಬಳ್ಳಿಯ ವಿದ್ಯಾನಗರದಂಥ ಕಡೆ, ಅಂದರೆ 1947ರಲ್ಲಿ ಶುರುವಾದ ಬಿವಿಬಿ ಕಾಲೇಜು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿ ನಿಂತಿರುವ, ಹಾಸ್ಟೆಲು, ಪಿಜಿಗಳು ತುಂಬಿದ ಬಡಾವಣೆಯಲ್ಲಿ, ಗೇಮ್ ಮಾಡುವ ಆಸೆಯವರಿಗೂ ಲ್ಯಾಪ್‌ಟಾಪಿಗೂ ಕೊರತೆಯಿಲ್ಲ. ಕೊರತೆ ಇರುವುದು ಎರಡು ಕಡೆ: ನಕ್ಷೆಯ ನೀರಿನಲ್ಲಿ, ನಕ್ಷೆಯ ಅಕ್ಷರದಲ್ಲಿ. ತಂತ್ರಾಂಶ ಕೆಟ್ಟಿದೆ ಎಂದು ಬೈಯುವವರ ತಕರಾರುಗಳನ್ನು ಬಿಡಿಸಿ ನೋಡಿದರೆ ಬಹುಪಾಲು ಈ ಎರಡರಲ್ಲೊಂದಕ್ಕೆ ಬಂದು ನಿಲ್ಲುತ್ತವೆ.

ಈ ಕಸುಬು ಹಳೆಯದು. ಥಾಮಸ್ ಮೋರ್‌ನ ‘ಯುಟೋಪಿಯಾ’ 1516ರಲ್ಲಿ ಅಚ್ಚಾದಾಗಲೇ ಜೊತೆಗೊಂದು ಮರದಚ್ಚಿನ ದ್ವೀಪನಕ್ಷೆ ಇತ್ತು. ರಾಬರ್ಟ್ ಲೂಯಿ ಸ್ಟೀವನ್‌ಸನ್ 1881ರಲ್ಲಿ ಮೊದಲು ದ್ವೀಪದ ನಕ್ಷೆ ಬರೆದು, ಆಮೇಲೆ ಅದರಿಂದ ‘ಟ್ರೆಷರ್ ಐಲೆಂಡ್’ ಕತೆ ತೆಗೆದ. ಹಸ್ತಪ್ರತಿಯೊಡನೆ ಪ್ರಕಾಶಕರಿಗೆ ಕಳಿಸಿದ ಆ ನಕ್ಷೆ ಕಳೆದೇಹೋಯಿತು. ಇಡೀ ಪುಸ್ತಕವನ್ನು ಮತ್ತೆ ಓದಿ, ಬಂದ ಉಲ್ಲೇಖಗಳನ್ನೆಲ್ಲ ಹೆಕ್ಕಿ, ಅವಕ್ಕೆ ಹೊಂದುವಂತೆ ಹೊಸದೊಂದನ್ನು ತಂದೆಯ ಕಚೇರಿಯಲ್ಲಿ ಕೂತು ಬರೆಯಬೇಕಾಯಿತು. ಬ್ಯಾಕಪ್ ಇಡದವರ ಸಾಲಿನಲ್ಲಿ ಸ್ಟೀವನ್‌ಸನ್ ಮುಂಚೂಣಿಯವ. ಟೋಲ್ಕೀನ್‌ನ ಮಧ್ಯಭೂಮಿಯ ನಕ್ಷೆಯನ್ನು ಅಚ್ಚಿಗೆ ಸಿದ್ಧಮಾಡಿದ್ದು ಮಗ ಕ್ರಿಸ್ಟೊಫರ್. ನಮ್ಮ ಆರ್.ಕೆ. ನಾರಾಯಣ್ ನಕ್ಷೆಯ ಗೋಜಿಗೇ ಹೋಗದೆ ಮಾಲ್ಗುಡಿ ಕಟ್ಟಿದರು. ಕೃತಿಗಳಲ್ಲಿ ಚದುರಿದ ಸುಳಿವುಗಳನ್ನು ಆರಿಸಿ ಸರಯೂ ನದಿ, ಮೆಂಪಿ ಬೆಟ್ಟಗಳನ್ನು ಕಾಗದದ ಮೇಲೆ ಕೂರಿಸಿದ್ದು ಅಮೆರಿಕದ ವಿದ್ವಾಂಸ ಜೇಮ್ಸ್ ಫೆನೆಲಿ. ಇನ್ನೂ ಹಿಂದಕ್ಕೆ ಹೋದರೆ ಜೈನರ ಜಂಬೂದ್ವೀಪವಿದೆ: ಒಂದು ಲಕ್ಷ ಯೋಜನ ವ್ಯಾಸ, ಸುತ್ತ ಲವಣಸಮುದ್ರ, ಆರು ಪರ್ವತಸಾಲುಗಳು ಬೇರ್ಪಡಿಸಿದ ಏಳು ಕ್ಷೇತ್ರಗಳು. ಅಳತೆಯ ಶಿಸ್ತಿನಲ್ಲಿ ಇವತ್ತಿನ ಎಷ್ಟೋ ಗೇಮ್ ನಕ್ಷೆಗಳು ಅದರ ಮುಂದೆ ಸೋಲುತ್ತವೆ.

ಈಗ ಚಲಾವಣೆಯಲ್ಲಿರುವ ತಂತ್ರಾಂಶಗಳನ್ನು ಮೂರು ಜಾತಿಯಾಗಿ ವಿಂಗಡಿಸಬಹುದು. ಮೊದಲನೆಯದು ತಾನೇ ಹುಟ್ಟಿಸಿಕೊಡುವುದು. ಅಜ್ಗಾರ್‌ನದು ಈ ಜಾತಿ. ಎರಡನೆಯದು ಕುಂಚ ಮತ್ತು ಚಿಹ್ನೆಗಳನ್ನು ಕೊಟ್ಟು ‘ನೀನೇ ಬರೆ’ ಎನ್ನುವುದು. ಬ್ರೌಸರ್‌ನಲ್ಲಿ ನಡೆಯುವ ಇಂಕಾರ್ನೇಟ್, ಕಂಪ್ಯೂಟರಿನಲ್ಲಿ ಅಳವಡಿಸಿಕೊಳ್ಳುವ ವಂಡರ್‌ಡ್ರಾಫ್ಟ್ ಇಲ್ಲಿ ಸೇರುತ್ತವೆ. ಮೂರನೆಯದು ಎಂಜಿನಿಯರಿಂಗ್ ಡ್ರಾಯಿಂಗಿನ ಮನೆತನದ್ದು: ಲಂಡನ್ನಿನ ಪ್ರೊಫ್ಯಾಂಟಸಿ ಸಂಸ್ಥೆ 1993ರಲ್ಲಿ ಹೊರತಂದ ಕ್ಯಾಂಪೇನ್ ಕಾರ್ಟೋಗ್ರಾಫರ್. ಕ್ಯಾಡ್ ಬುನಾದಿಯ ಮೇಲೆ ನಿಂತಿರುವುದರಿಂದ ಅದಕ್ಕೆ ಅದರದೇ ಹಟಗಳಿವೆ.

ಆ ಹಟಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದು. ಇಟ್ಟ ಮರ ಕಾಣಿಸದಿದ್ದರೆ ಅದು ನೆಲದ ಹಾಳೆಗಿಂತ ಕೆಳಗಿನ ಹಾಳೆಯಲ್ಲಿ ಕೂತಿರುತ್ತದೆ, ಹಾಳೆಗಳ ಕ್ರಮ ಬದಲಿಸಬೇಕು. ಕಾಣಿಸಿದರೂ ಕೈಗೆ ಸಿಗದಿದ್ದರೆ ಅದರ ಲೇಯರ್ ಬೀಗ ಹಾಕಿಕೊಂಡಿರುತ್ತದೆ. ಆಯ್ಕೆ ಮಾಡಿದ್ದೇನೋ ಸರಿ, ಏನೂ ಆಗುತ್ತಿಲ್ಲ ಎಂದರೆ ಬಲಗುಂಡಿ ಒತ್ತಿ ‘ಡು ಇಟ್’ ಎನ್ನಲು ಮರೆತಿರುತ್ತಾರೆ. ಪ್ರತಿ ಗೆರೆಗೂ ಪರದೆ ತೆವಳತೊಡಗಿದರೆ ನೆರಳು, ಹೊಳಪಿನ ಪರಿಣಾಮಗಳನ್ನು ಕೆಲಸ ಮುಗಿಯುವವರೆಗೆ ಆರಿಸಿಡಬೇಕು. ಆಟೋಕ್ಯಾಡ್ ಕಲಿತ ಸಿವಿಲ್ ವಿದ್ಯಾರ್ಥಿಗೆ ಇದೆಲ್ಲ ಸಹಜ. ಚಿತ್ರ ಬರೆಯುವ ಕೈಗೆ ಮೊದಮೊದಲು ಸಿಟ್ಟು ತರಿಸುವ ವಿಷಯ.

ದುಡ್ಡಿನ ಮಾತನ್ನೂ ಆಡಿಬಿಡಬೇಕು. ಅಜ್ಗಾರ್ ಉಚಿತ, ಮೂಲಸಂಕೇತವೂ ಮುಕ್ತ. ಅದರಲ್ಲಿ ಮಾಡಿದ ನಕ್ಷೆಯನ್ನು ಮಾರುವ ಪುಸ್ತಕದಲ್ಲಿ ಹಾಕಲು ಅಡ್ಡಿಯಿಲ್ಲ. ವಂಡರ್‌ಡ್ರಾಫ್ಟ್‌ಗೆ ಒಂದೇ ಸಲ ಹಣ. ಇಂಕಾರ್ನೇಟ್‌ಗೆ ಚಂದಾ, ಉಚಿತ ಆವೃತ್ತಿಯಲ್ಲಿ ಚಿಹ್ನೆಗಳು ಕಡಿಮೆ, ಹೊರತೆಗೆಯುವ ಚಿತ್ರವೂ ಸಣ್ಣದು, ವ್ಯಾಪಾರಕ್ಕೆ ಬಳಸುವ ಹಾಗಿಲ್ಲ. ಪ್ರಕಾಶಕರಿಗೆ ಕೊಡುವ ಮುನ್ನ ಷರತ್ತು ಓದುವುದು ಕ್ಷೇಮ.

ಇನ್ನು ನೀರು.

ಕಲ್ಪಿತ ನಕ್ಷೆಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ನದಿಯದು. ಬೆಟ್ಟದಿಂದಿಳಿದ ನದಿ ಬಯಲಿನಲ್ಲಿ ಎರಡಾಗಿ ಒಡೆದು ಒಂದು ಪಾಲು ಪೂರ್ವದ ಸಮುದ್ರಕ್ಕೆ, ಇನ್ನೊಂದು ಪಶ್ಚಿಮದ್ದಕ್ಕೆ ಹೋಗುವುದು. ಒಂದೇ ಸರೋವರದಿಂದ ನಾಲ್ಕು ಹೊಳೆ ಹೊರಡುವುದು. ಸಮುದ್ರದಿಂದ ಸಮುದ್ರಕ್ಕೆ ಖಂಡವನ್ನು ಸೀಳಿ ಹರಿಯುವುದು. ಇಂಕಾರ್ನೇಟ್, ವಂಡರ್‌ಡ್ರಾಫ್ಟ್‌ಗಳಲ್ಲಿ ನದಿ ಎಂದರೆ ಒಂದು ನೀಲಿ ಗೆರೆ, ಅದು ಹತ್ತುತ್ತಿದೆಯೋ ಇಳಿಯುತ್ತಿದೆಯೋ ಎಂದು ಕೇಳುವ ಬುದ್ಧಿ ಅವಕ್ಕಿಲ್ಲ. ಈ ದೋಷಕ್ಕೆ ಮದ್ದು ಬೇಕಾದವರು ವಿದ್ಯಾನಗರದಿಂದ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋದರೆ ಸಾಕು. ಅಲ್ಲಿ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲಾ ಕಲಘಟಗಿಯ ಕಡೆ ತಿರುಗಿ, ಬೇಡ್ತಿಯಾಗಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಹುಬ್ಬಳ್ಳಿಯ ಪೂರ್ವಕ್ಕಿರುವ ಬೆಣ್ಣೆಹಳ್ಳ ಉತ್ತರಕ್ಕೆ ಹರಿದು ಮಲಪ್ರಭೆಗೆ, ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಒಂದೇ ಅವಳಿನಗರದ ಆಸುಪಾಸಿನ ಮಳೆನೀರು ಎರಡು ಸಮುದ್ರಗಳ ಪಾಲಾಗುತ್ತದೆ, ಆದರೆ ಒಂದೇ ಒಂದು ಹೊಳೆಯೂ ಒಡೆಯುವುದಿಲ್ಲ. ನಡುವಿನ ಏರು ಕಣ್ಣಿಗೆ ಬೆಟ್ಟವೆಂದೂ ಅನ್ನಿಸದಷ್ಟು ಸೌಮ್ಯ. ಜಲವಿಭಾಜಕಕ್ಕೆ ಹಿಮದ ಶಿಖರಗಳೇ ಬೇಕೆಂಬ ಭ್ರಮೆ ಇಲ್ಲಿಗೆ ಮುಗಿಯಿತು.

ಪಶ್ಚಿಮಘಟ್ಟ ಇನ್ನೂ ಒಂದು ಪಾಠ ಹೇಳುತ್ತದೆ. ಬೆಟ್ಟಸಾಲನ್ನು ಖಂಡದ ನಟ್ಟನಡುವೆ ಎಳೆದರೆ ಎರಡೂ ಕಡೆ ಒಂದೇ ಥರದ ನದಿಗಳು ಬಂದು ನಕ್ಷೆ ಸಪ್ಪೆಯಾಗುತ್ತದೆ. ಸಾಲನ್ನು ಒಂದು ಕರಾವಳಿಗೆ ಒತ್ತಿ ಇಟ್ಟರೆ ಒಂದು ಬದಿಗೆ ಗಿಡ್ಡ, ರಭಸದ, ಜಲಪಾತವುಳ್ಳ ಹೊಳೆಗಳು, ಇನ್ನೊಂದು ಬದಿಗೆ ನಿಧಾನವಾಗಿ ನೂರಾರು ಮೈಲಿ ಸಾಗುವ ನದಿಗಳು. ಶರಾವತಿಯ ಒಟ್ಟು ಉದ್ದ 130 ಕಿ.ಮೀ. ಮುಟ್ಟುವುದಿಲ್ಲ, ಅಷ್ಟರಲ್ಲೇ 253 ಮೀಟರಿನ ಜೋಗ ಇದೆ. ಕೃಷ್ಣೆಯ ಹರಿವು 1,400 ಕಿ.ಮೀ. ಹತ್ತಿರ. ನದಿ ಒಡೆಯಲೇಬೇಕೆಂದು ಆಸೆಪಡುವವರಿಗೆ ಕಾವೇರಿಯ ಅನುಮತಿಯುಂಟು: ಶ್ರೀರಂಗಪಟ್ಟಣ, ಶಿವನಸಮುದ್ರಗಳಲ್ಲಿ ಒಡೆದು ಮತ್ತೆ ಕೂಡುತ್ತದೆ, ಕೊನೆಗೆ ಮುಖಜಭೂಮಿಯಲ್ಲಿ ಕವಲಾಗುತ್ತದೆ. ಅದಕ್ಕಿಂತ ಹೆಚ್ಚಿನ ಸ್ವಾತಂತ್ರ್ಯಕ್ಕೆ ಕತೆಯಲ್ಲೊಬ್ಬ ಮಂತ್ರವಾದಿ ಬೇಕು.

ಅಜ್ಗಾರ್‌ನ ತಂತ್ರಾಂಶ ಈ ವಿಷಯದಲ್ಲಿ ಜಾಣ. ಅದು ಭೂಮಿಯನ್ನು ಸಾವಿರಾರು ಬಹುಭುಜ ಚೂರುಗಳಾಗಿ ಕತ್ತರಿಸಿ, ಪ್ರತಿ ಚೂರಿಗೆ 0ಯಿಂದ 100ರವರೆಗೆ ಎತ್ತರ ಕೊಟ್ಟು, 20ಕ್ಕಿಂತ ಕಡಿಮೆ ಇದ್ದುದನ್ನು ನೀರೆಂದು ಎಣಿಸುತ್ತದೆ. ಮಳೆ ಸುರಿಸಿ, ನೀರನ್ನು ತಗ್ಗಿನತ್ತ ಹರಿಸಿ ನದಿ ಮಾಡುತ್ತದೆ. ತೊಂದರೆ ಬರುವುದು ಬಳಕೆದಾರ ನಡುವೆ ಕೈಹಾಕಿದಾಗ. ಎತ್ತರ ತಿದ್ದಲು ಹೊರಟರೆ ಅದು ಮೂರು ದಾರಿ ತೋರಿಸುತ್ತದೆ. ‘ಇರೇಸ್’ ಆರಿಸಿದರೆ ಊರು, ರಾಜ್ಯ, ಗಡಿ ಎಲ್ಲ ಅಳಿಸಿ ಹೊಸದಾಗಿ ಶುರುಮಾಡುತ್ತದೆ. ‘ಕೀಪ್’ನಲ್ಲಿ ಇದ್ದದ್ದೆಲ್ಲ ಉಳಿಯುತ್ತದೆ, ಕರಾವಳಿಯ ಗೆರೆಯನ್ನು ಮಾತ್ರ ಮುಟ್ಟಗೊಡುವುದಿಲ್ಲ. ‘ರಿಸ್ಕ್’ ಎಂದರೆ ಹೆಸರೇ ಹೇಳುವಂತೆ: ಕರಾವಳಿಯನ್ನೂ ತಿದ್ದಬಹುದು, ಊರುಗಳನ್ನು ಆದಷ್ಟು ಉಳಿಸಲು ನೋಡುತ್ತದೆ, ಎಲ್ಲೋ ಒಂದು ರಾಜಧಾನಿ ಸಮುದ್ರಪಾಲಾದರೆ ಆಶ್ಚರ್ಯಪಡಬಾರದು. ತಿಂಗಳ ಕೆಲಸ ಮಾಯವಾಯಿತೆಂದು ಗೋಳಾಡುವವರು ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಓದದೆ ಮೊದಲನೆಯದನ್ನು ಒತ್ತಿದವರು. ನೆಲ ಮೊದಲು, ನೀರು ಆಮೇಲೆ, ಊರು ಕೊನೆಗೆ: ಈ ಕ್ರಮ ಮುರಿಯದಿದ್ದರೆ ಆ ಪ್ರಶ್ನೆಯೇ ಎದುರಾಗುವುದಿಲ್ಲ.

ನಿಜವಾದ ನೆಲವನ್ನೇ ಅಚ್ಚು ಮಾಡಿಕೊಳ್ಳುವ ಸುಲಭದ ದಾರಿಯೂ ಇದೆ. ನಾಸಾ 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಹಾಯಿಸಿ ಅಳೆದ ಎತ್ತರದ ದತ್ತಾಂಶ, ಇಸ್ರೋದ ‘ಭುವನ್’ ತಾಣದ ಕಾರ್ಟೋಡೆಮ್ ದತ್ತಾಂಶ, ಎರಡೂ ಉಚಿತವಾಗಿ ಸಿಗುತ್ತವೆ. ಕ್ಯೂಜಿಐಎಸ್ ಎಂಬ ನಕ್ಷಾ ತಂತ್ರಾಂಶದಲ್ಲಿ ತೆರೆದು, ಬೇಕಾದ ತುಂಡನ್ನು ಕಪ್ಪು-ಬಿಳಿ ಚಿತ್ರವಾಗಿ ಹೊರತೆಗೆದು, ಬೇಕಿದ್ದರೆ ತಲೆಕೆಳಗು ಮಾಡಿ ಅಥವಾ ಕನ್ನಡಿಯಂತೆ ತಿರುಗಿಸಿ ಅಜ್ಗಾರ್‌ಗೆ ಕೊಟ್ಟರೆ ಘಟ್ಟದ ಮೈಕಟ್ಟುಳ್ಳ ಅಪರಿಚಿತ ದೇಶ ಸಿಗುತ್ತದೆ. ಕರಾವಳಿ ಕಾಣೆಯಾಗಿ ಎಲ್ಲವೂ ನೆಲವಾಗಿ ಬಂದರೆ, ಸಮುದ್ರದ ಬಣ್ಣಕ್ಕೆ 20ಕ್ಕಿಂತ ಕಡಿಮೆ ಎತ್ತರ ಕೊಟ್ಟಿಲ್ಲವೆಂದೇ ಅರ್ಥ.

ಮಳೆಯ ಲೆಕ್ಕದಲ್ಲಿ ಮಾತ್ರ ತಂತ್ರಾಂಶ ಯುರೋಪಿನ ಕೂಸು. ಅಕ್ಷಾಂಶದ ಪಟ್ಟಿಗೊಂದರಂತೆ ಗಾಳಿಯ ದಿಕ್ಕು ನಿಶ್ಚಿತ. ಆರು ತಿಂಗಳಿಗೆ ಗಾಳಿ ತಿರುಗುವ ಮುಂಗಾರು ಎಂಬ ಸಂಗತಿ ಅದಕ್ಕೆ ಗೊತ್ತಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರುವ ಮಳೆ ಘಟ್ಟ ದಾಟಿ ಧಾರವಾಡಕ್ಕೆ ಬರುವಷ್ಟರಲ್ಲಿ 800ರ ಆಸುಪಾಸಿಗೆ ಇಳಿದಿರುತ್ತದೆ. ನಕ್ಷೆಯಲ್ಲಿ ಇಂಥ ಮಲೆನಾಡು-ಬಯಲುಸೀಮೆ ಬೇಕಿದ್ದರೆ ಜಗತ್ತಿನ ಸೆಟ್ಟಿಂಗ್ ತೆರೆದು, ಆ ಪಟ್ಟಿಯ ಗಾಳಿಬಾಣವನ್ನು ಒತ್ತಿ ನೈಋತ್ಯದಿಂದ ಬರುವಂತೆ ತಿರುಗಿಸಬೇಕು. ಬೆಟ್ಟ ದಾಟಿದ ಗಾಳಿ ಒಣಗುವುದನ್ನು ತಂತ್ರಾಂಶ ತಾನೇ ನೋಡಿಕೊಳ್ಳುತ್ತದೆ. ಇಡೀ ದೇಶ ಹಿಮಗಟ್ಟಿದ್ದರೆ ನಕ್ಷೆ ಧ್ರುವದ ಹತ್ತಿರ ಕೂತಿದೆ ಎಂದರ್ಥ, ಅಕ್ಷಾಂಶವನ್ನು ಕೆಳಗೆ ಜಾರಿಸಬೇಕು. ಕರ್ನಾಟಕ ಸುಮಾರು ಹನ್ನೊಂದೂವರೆಯಿಂದ ಹದಿನೆಂಟೂವರೆ ಡಿಗ್ರಿ ಉತ್ತರದಲ್ಲಿದೆ ಎಂಬುದು ಅಂದಾಜಿಗೆ ಸಾಕು. ಮಣ್ಣಿನ ಲೆಕ್ಕ ಅದರಲ್ಲಿ ಇಲ್ಲವೇ ಇಲ್ಲ. ಪೂರ್ವಕ್ಕೆ ಹತ್ತಿ ಬೆಳೆಯುವ ಎರಿ, ಪಶ್ಚಿಮಕ್ಕೆ ಕೆಂಪು ಮಸಾರಿ, ನಡುವೆ ಹುಬ್ಬಳ್ಳಿ ಎಂಬ ಚಿತ್ರವನ್ನು ಕೈಯಿಂದಲೇ ಬಣ್ಣ ಹಚ್ಚಿ ಮೂಡಿಸಬೇಕು.

ಊರುಗಳ ಜಾಗದ ಬಗ್ಗೆ ಒಂದು ಮಾತು. ತಂತ್ರಾಂಶ ಪ್ರತಿ ಚೂರಿಗೂ ವಾಸಯೋಗ್ಯತೆಯ ಅಂಕ ಕೊಡುತ್ತದೆ. ದೊಡ್ಡ ನದಿ, ಸಂಗಮ, ಬಂದರುಗಳಿಗೆ ಹೆಚ್ಚಿನ ಅಂಕ. ಈ ಪರೀಕ್ಷೆಯಲ್ಲಿ ಹುಬ್ಬಳ್ಳಿಗೆ ಬೀಳುತ್ತಿದ್ದುದು ಕಡಿಮೆ ಅಂಕವೇ. ದೊಡ್ಡ ನದಿಯಿಲ್ಲ, ಸಮುದ್ರವಿಲ್ಲ. ಆದರೂ ಕರಾವಳಿಯಿಂದ ಘಟ್ಟ ಹತ್ತಿ ಬಂದ ದಾರಿಗಳು ಹತ್ತಿಯ ಬಯಲನ್ನು ಮುಟ್ಟುವ ಕಡೆ ಪೇಟೆ ಬೆಳೆಯಿತು, ರೈಲು ಬಂತು, ಈಗ 1,507 ಮೀಟರಿನ ಪ್ಲಾಟ್‌ಫಾರ್ಮ್ ಇದೆ. ಆದ್ದರಿಂದ ಯಂತ್ರ ಕೊಟ್ಟ ಊರುಗಳನ್ನು ಹಾಗೇ ಒಪ್ಪಬೇಕಾಗಿಲ್ಲ. ಒಂದೆರಡು ದೊಡ್ಡ ಪೇಟೆಗಳನ್ನು ಕಣಿವೆದಾರಿಯ ಬಾಯಿಗೆ ಕೈಯಿಂದ ಸೇರಿಸಿದರೆ ನಕ್ಷೆಗೆ ಇತಿಹಾಸದ ಕಳೆ ಬರುತ್ತದೆ. ಸೇರಿಸಿದ ಮೇಲೆ ಬೀಗದ ಗುರುತು ಒತ್ತುವುದು ಮುಖ್ಯ; ಇಲ್ಲದಿದ್ದರೆ ಊರುಗಳನ್ನು ಮತ್ತೊಮ್ಮೆ ಹುಟ್ಟಿಸುವಾಗ ಇವೂ ಅಳಿಸಿಹೋಗುತ್ತವೆ.

ದೂರದ ಅಳತೆಗೆ ಹುಬ್ಬಳ್ಳಿ-ಧಾರವಾಡ ರಸ್ತೆ ಉಪಯೋಗಕ್ಕೆ ಬರುತ್ತದೆ. ಎರಡು ಊರುಗಳ ನಡುವೆ ಸುಮಾರು 20 ಕಿ.ಮೀ. ಗಂಟುಮೂಟೆ ಹೊತ್ತ ಮನುಷ್ಯ ಒಂದು ದಿನದಲ್ಲಿ ಸಂಕಟಪಡದೆ ನಡೆಯುವ ದೂರ ಹೆಚ್ಚುಕಡಿಮೆ ಅಷ್ಟೇ. ನಕ್ಷೆಯ ಅಳತೆಪಟ್ಟಿಯಲ್ಲಿ ಇದನ್ನು ಒಂದು ಘಟಕವಾಗಿ ಇಟ್ಟುಕೊಂಡರೆ ನಾಯಕ ಬೆಳಿಗ್ಗೆ ಹೊರಟು 300 ಕಿ.ಮೀ. ದಾಟಿ ಸಂಜೆಯ ಪೂಜೆಗೆ ಹಾಜರಾಗುವ ಅವಘಡ ತಪ್ಪುತ್ತದೆ.

ಅಕ್ಷರದ ಗೋಳು ಬೇರೆಯೇ ಥರದ್ದು. ಕನ್ನಡದ ನಕ್ಷೆಗಾರರು ನಿಜವಾಗಿ ಕೈಚೆಲ್ಲುವುದು ಇಲ್ಲಿ. ಹೊಸ ತಂತ್ರಾಂಶ ತೆರೆದ ಕೂಡಲೇ ಬೆಟ್ಟ ಬರೆಯಲು ಕೂರದೆ ಮೊದಲು ‘ಲಕ್ಷ್ಮೇಶ್ವರ’ ಎಂದು ಬರೆದು ನೋಡಬೇಕು. ಗದಗ ಜಿಲ್ಲೆಯ ಈ ಊರಿನ ಹೆಸರಿನಲ್ಲಿ ಒತ್ತಕ್ಷರದ ಮೇಲೆ ಒತ್ತಕ್ಷರ, ಜೊತೆಗೆ ದೀರ್ಘ, ಎಲ್ಲವೂ ಇವೆ. ಇನ್ನೊಂದು ‘ಧರ್ಮಸ್ಥಳ’, ಅರ್ಕಾವೊತ್ತಿನ ಪರೀಕ್ಷೆಗೆ. ಈ ಎರಡು ಪಾಸಾದರೆ ಉಳಿದದ್ದೆಲ್ಲ ಪಾಸು.

ನಪಾಸಾದರೆ ರೋಗವನ್ನು ಲಕ್ಷಣದಿಂದಲೇ ಗುರುತಿಸಬಹುದು. ಖಾಲಿ ಚೌಕಗಳು ಕಂಡರೆ ಆರಿಸಿದ ಫಾಂಟಿನಲ್ಲಿ ಕನ್ನಡ ಇಲ್ಲ; ಫಾಂಟು ಬದಲಿಸಿದರೆ ಮುಗಿಯಿತು. ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಬಂದರೆ ತಂತ್ರಾಂಶಕ್ಕೆ ಯೂನಿಕೋಡೇ ತಿಳಿಯದು, ಫಾಂಟು ಬದಲಿಸಿ ಪ್ರಯೋಜನವಿಲ್ಲ. ಅಕ್ಷರಗಳೇನೋ ಇವೆ, ಆದರೆ ಒತ್ತುಗಳು ಕೆಳಗೆ ಕೂರದೆ ಅರ್ಧಾಕ್ಷರಗಳಾಗಿ ಪಕ್ಕಪಕ್ಕ ನಿಂತಿವೆ ಎಂದರೆ ಕಾಯಿಲೆ ಮೂರನೆಯದು. ಯೂನಿಕೋಡಿನಲ್ಲಿ ‘ಕ್ಷ್ಮೇ’ ಎಂಬುದು ಒಂದು ಅಕ್ಷರವಾಗಿ ಇರುವುದಿಲ್ಲ. ಕ, ಹಲಂತ ಚಿಹ್ನೆ, ಷ, ಮತ್ತೆ ಹಲಂತ ಚಿಹ್ನೆ, ಮ, ಗುಣಿತ ಎಂದು ಸಾಲಾಗಿ ಕೂತಿರುತ್ತದೆ. ಅದನ್ನು ಒಂದರ ಕೆಳಗೊಂದು ಜೋಡಿಸಿ ಚಿತ್ರವಾಗಿಸುವ ಯಂತ್ರ ಬೇರೆಯೇ ಇರಬೇಕು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್‌ಗಳಲ್ಲಿ ಹಾರ್ಫ್‌ಬಜ್ ಎಂಬ ಯಂತ್ರ ಆ ಕೆಲಸ ಮಾಡುತ್ತದೆ. ಗೇಮ್ ಕಟ್ಟುವ ಗೋಡೋ ಎಂಜಿನ್ನಿಗೆ ಅದು ಸೇರಿದ್ದು 2023ರ ಮಾರ್ಚಿನಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ. ವಂಡರ್‌ಡ್ರಾಫ್ಟ್ ಹುಟ್ಟಿದ್ದು ಅದಕ್ಕೂ ಮುಂಚಿನ ಗೋಡೋ ಮೇಲೆ. ಹೀಗಾಗಿ ಎಂಥ ಒಳ್ಳೆಯ ಕನ್ನಡ ಫಾಂಟು ತಂದು ಸುರಿದರೂ ಅಂಥ ಬುನಾದಿಯಲ್ಲಿ ಒತ್ತಕ್ಷರ ಮುರಿಯುತ್ತದೆ. ದೋಷ ಫಾಂಟಿನದಲ್ಲ, ಕಂಪ್ಯೂಟರಿನದೂ ಅಲ್ಲ.

ಅಜ್ಗಾರ್ ಬ್ರೌಸರ್‌ನೊಳಗೆ ಎಸ್‌ವಿಜಿಯಾಗಿ ಬರೆಯುವುದರಿಂದ ಅಕ್ಷರ ಜೋಡಿಸುವ ಹೊಣೆಯನ್ನು ಬ್ರೌಸರ್ ಹೊರುತ್ತದೆ, ಲಕ್ಷ್ಮೇಶ್ವರ ಸರಿಯಾಗಿಯೇ ಬರುತ್ತದೆ. ಗೂಗಲ್ ಫಾಂಟ್‌ಗಳನ್ನು ಸೇರಿಸಿಕೊಳ್ಳುವ ಅನುಕೂಲವೂ ಅದರಲ್ಲಿದೆ. ಅಲ್ಲಿ ‘ಹುಬ್ಬಳ್ಳಿ’ ಎಂಬ ಹೆಸರಿನದೇ ಒಂದು ಫಾಂಟಿದೆ, ಎರಿನ್ ಮೆಕ್‌ಲಾಕ್ಲಿನ್ ರೂಪಿಸಿದ್ದು. ಎಲ್ಲೆಡೆ ಒಂದೇ ದಪ್ಪದ ಗೆರೆ, ಕೈಬರಹದ ಸಲಿಗೆ. ಸಣ್ಣ ಊರುಗಳ ಹೆಸರಿಗೆ ಚೆನ್ನಾಗಿ ಒಪ್ಪುತ್ತದೆ. ರಾಜ್ಯಗಳ ಹೆಸರಿಗೆ ನೋಟೊ ಸೆರಿಫ್ ಕನ್ನಡ ಅಥವಾ ಟೀರೋ ಕನ್ನಡ ಸಾಕಷ್ಟು ಗಂಭೀರ. ಆದರೆ ಹೆಸರು ಹುಟ್ಟಿಸುವ ಭಾಗಕ್ಕೆ ಕನ್ನಡ ಲಿಪಿಯ ಪಟ್ಟಿ ತುಂಬುವ ಸಾಹಸ ಬೇಡ. ಅದರ ಪದ ಒಡೆಯುವ ಲೆಕ್ಕ ರೋಮನ್ ಸ್ವರಗಳ ಮೇಲೆ ಕಟ್ಟಿದ್ದು. ಕನ್ನಡದ ಗುಣಿತಗಳು ಅಕ್ಷರದಿಂದ ಕಳಚಿ ಅನಾಥವಾಗಿ ಬೀಳುವ ಅಪಾಯವಿದೆ. ರೋಮನ್‌ನಲ್ಲೇ ಹುಟ್ಟಿಸಿ, ಬಾಯಲ್ಲಿ ಹೇಳಿ ನೋಡಿ, ನಾಲಿಗೆಗೆ ಒಪ್ಪಿದ್ದನ್ನು ಕನ್ನಡದಲ್ಲಿ ಟೈಪಿಸುವುದೇ ಸುಖ. ಗೋಪನಕೊಪ್ಪ, ರಾಯನಾಳ, ನವಲಗುಂದಗಳ ನಾಡಿನವರಿಗೆ ಯಂತ್ರಕ್ಕಿಂತ ಒಳ್ಳೆಯ ಹೆಸರು ತಾವೇ ಹೊಳೆಯುವ ಸಾಧ್ಯತೆ ಹೆಚ್ಚು.

ಮುರಿದ ಒತ್ತಿನ ತಂತ್ರಾಂಶವನ್ನೇ ಬಳಸಬೇಕಾದವರಿಗೆ ಡಿಟಿಪಿ ಅಂಗಡಿಗಳ ಹಳೆಯ ಉಪಾಯ ನೆನಪಿರಲಿ. ನುಡಿ, ಬರಹಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಪ್ರತಿ ಒತ್ತು, ಪ್ರತಿ ಗುಣಿತ ಒಂದೊಂದು ಬಿಡಿ ತುಂಡಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಜೋಡಿಸುವ ಯಂತ್ರವಿಲ್ಲದ ಕಡೆಯೂ ಅವು ಅಚ್ಚಿನ ಮೊಳೆಗಳಂತೆ ಸಾಲಾಗಿ ಬಂದು ಕೂಡಿಕೊಳ್ಳುತ್ತವೆ. ಪೇಜ್‌ಮೇಕರ್‌ನಲ್ಲಿ ಲಗ್ನಪತ್ರಿಕೆಯಿಂದ ಪಠ್ಯಪುಸ್ತಕದವರೆಗೆ ಅಚ್ಚಾದದ್ದು ಹೀಗೆಯೇ. ಪದವನ್ನು ಪರಿವರ್ತಕದಲ್ಲಿ ಆಸ್ಕಿಗೆ ಬದಲಿಸಿ ಅಂಟಿಸಬೇಕು. ಹುಡುಕಲು ಬರುವುದಿಲ್ಲ, ಫಾಂಟು ಬದಲಿಸಿದರೆ ಎಲ್ಲ ಗೊಂದಲ. ತುರ್ತಿಗೆ ಸರಿ.

ಇವೆಲ್ಲಕ್ಕಿಂತ ಗಟ್ಟಿಯಾದದ್ದು ಕೆಲಸವನ್ನು ಎರಡಾಗಿ ಒಡೆಯುವುದು. ನೆಲ, ನೀರು, ಕಾಡು, ಕೋಟೆಗಳನ್ನು ಯಾವ ತಂತ್ರಾಂಶದಲ್ಲಾದರೂ ಬರೆಯಲಿ, ಒಂದೂ ಹೆಸರಿಲ್ಲದೆ ಚಿತ್ರವನ್ನು ಹೊರತೆಗೆದು, ಹೆಸರುಗಳನ್ನು ಇಂಕ್‌ಸ್ಕೇಪ್ ಅಥವಾ ಗಿಂಪ್‌ನಲ್ಲಿ ಹಾಕಲಿ. ಎರಡೂ ಉಚಿತ, ಎರಡರಲ್ಲೂ ಕನ್ನಡ ಸರಿಯಾಗಿ ಜೋಡಣೆಯಾಗುತ್ತದೆ. ಫೋಟೊಶಾಪಿನ ಹಳೆಯ ಆವೃತ್ತಿ ಬಳಸುವವರು ಆದ್ಯತೆಗಳಲ್ಲಿ ‘ವರ್ಲ್ಡ್ ರೆಡಿ’ ವಿನ್ಯಾಸವನ್ನು ಆರಿಸಿಕೊಳ್ಳದಿದ್ದರೆ ಅಲ್ಲೂ ಒತ್ತು ಮುರಿಯುತ್ತದೆ. ಇಂಕ್‌ಸ್ಕೇಪಿನ ಕಡತವನ್ನು ಅಚ್ಚಿನವರಿಗೆ ಕೊಡುವ ಮುನ್ನ ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸಿಬಿಡಬೇಕು, ಅವರ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲದಿದ್ದರೂ ಚಿಂತೆಯಿರದು. ಪರಿವರ್ತಿಸಿದ ಮೇಲೆ ಕಾಗುಣಿತ ತಿದ್ದಲಾಗದು. ಆದ್ದರಿಂದ ತಿದ್ದಬಲ್ಲ ಪ್ರತಿಯೊಂದು ಮನೆಯಲ್ಲಿರಲಿ.

ಲಿಪಿಯ ಇನ್ನೊಂದು ತೊಡಕನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ಇಂಗ್ಲಿಷ್ ನಕ್ಷೆಗಳಲ್ಲಿ ರಾಜ್ಯದ ಹೆಸರು ಅಗಲವಾಗಿ ಬಿಡಿಸಿಟ್ಟ ದೊಡ್ಡಕ್ಷರದಲ್ಲಿ, ನದಿಯ ಹೆಸರು ಬಾಗಿದಕ್ಷರದಲ್ಲಿ ಇರುತ್ತದೆ. ತಂತ್ರಾಂಶಗಳ ಸಿದ್ಧ ಶೈಲಿಗಳೂ ಹಾಗೇ. ಕನ್ನಡಕ್ಕೆ ದೊಡ್ಡಕ್ಷರವಿಲ್ಲ, ಬಾಗಿಸಿದರೆ ಅಕ್ಷರ ಕುಂಟುತ್ತದೆ, ನಡುವೆ ಜಾಗ ಬಿಟ್ಟರೆ ಒತ್ತುಗಳು ಎಲ್ಲಿ ಸೇರಬೇಕೆಂದು ಕಣ್ಣು ತಡವರಿಸುತ್ತದೆ. ಅಕ್ಷರದ ನಡುವಿನ ಅಂತರವನ್ನು ಸೊನ್ನೆಗೆ ಇಳಿಸಿ, ರಾಜ್ಯ, ಊರು, ನದಿಗಳ ಭೇದವನ್ನು ದಪ್ಪ, ಗಾತ್ರ, ಬಣ್ಣಗಳಿಂದಲೇ ತೋರಿಸುವುದು ಒಳ್ಳೆಯದು: ನದಿಗೆ ತೆಳುವಾದ ನೀಲಿ, ಹರಿವಿನ ಗುಂಟ, ರಾಜ್ಯಕ್ಕೆ ದಪ್ಪನೆಯ ಮಾಸಲು ಬಣ್ಣ, ಊರಿಗೆ ಕಪ್ಪು. ಮೇಲೆ ಗುಡಿಸು, ಕೆಳಗೆ ಒತ್ತು ಇರುವುದರಿಂದ ಕನ್ನಡದ ಪದ ಇಂಗ್ಲಿಷ್ ಪದಕ್ಕಿಂತ ಎತ್ತರದ ಜಾಗ ಕೇಳುತ್ತದೆ. ಊರಿನ ಚುಕ್ಕಿಗೂ ಹೆಸರಿಗೂ ನಡುವೆ ತಂತ್ರಾಂಶ ಬಿಟ್ಟ ಅಂತರ ಸಾಲದೆ ‘ಸ್ತ್ರ’ದ ಬಾಲ ಕೋಟೆಯ ಮೇಲೆ ಬೀಳುತ್ತದೆ. ತೀರ ಬಾಗಿದ ಗೆರೆಯ ಮೇಲೆ ಹೆಸರು ಬರೆದರೆ ಒತ್ತುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಬಾಗು ಕಡಿಮೆ ಮಾಡಬೇಕು.

ಕೆಟ್ಟು ನಿಲ್ಲುವ, ತೆವಳುವ ತೊಂದರೆಗಳು ಹೋಲಿಕೆಯಲ್ಲಿ ಸಣ್ಣವು. ಅಜ್ಗಾರ್‌ನಲ್ಲಿ ನೆಲದ ಬಹುಭುಜ ಚೂರುಗಳ ಸಂಖ್ಯೆ ಸಾಮಾನ್ಯವಾಗಿ 10,000. ಒಂದು ಲಕ್ಷದವರೆಗೂ ಏರಿಸಬಹುದು, ಏರಿಸಿದರೆ ಸಾಧಾರಣ ಲ್ಯಾಪ್‌ಟಾಪು ಏದುಸಿರು ಬಿಡುತ್ತದೆ. ಬೆಟ್ಟದ ಚಿತ್ರ, ಹೆಸರು, ಕಾಗದದ ವಿನ್ಯಾಸಗಳ ಪದರಗಳನ್ನು ಮುಚ್ಚಿಟ್ಟು ಕೆಲಸ ಮಾಡಿದರೆ ವೇಗ ಮರಳುತ್ತದೆ. ತೆರೆಯುವಾಗಲೇ ದೋಷ ತೋರಿಸಿ ನಿಂತರೆ ಅದೇ ಸೂಚಿಸುವಂತೆ ಬ್ರೌಸರ್‌ನಲ್ಲಿ ಉಳಿದ ದತ್ತಾಂಶವನ್ನು ಅಳಿಸಿ ಮತ್ತೆ ಯತ್ನಿಸಬೇಕು. ಇಲ್ಲೊಂದು ಬಲೆಯಿದೆ: ನಕ್ಷೆಯನ್ನು ಬ್ರೌಸರ್‌ನೊಳಗೆ ಮಾತ್ರ ಉಳಿಸಿಕೊಂಡಿದ್ದವರ ಕೆಲಸವೂ ಅದರೊಡನೆ ಹೋಗುತ್ತದೆ. ‘ಮ್ಯಾಪ್’ ಕಡತವಾಗಿ ಕಂಪ್ಯೂಟರಿಗೆ ಇಳಿಸಿಕೊಂಡು, ಪೆನ್‌ಡ್ರೈವಿಗೋ ಡ್ರೈವಿಗೋ ಒಂದು ಪ್ರತಿ ಹಾಕಿದವರು ನಿಶ್ಚಿಂತೆ. ನಕ್ಷೆ ಹುಟ್ಟಿಸಿದ ಬೀಜಸಂಖ್ಯೆಯನ್ನು (ಸೀಡ್) ಬರೆದಿಟ್ಟುಕೊಂಡರೆ ಸಾಕೆಂದು ನಂಬಬಾರದು. ಅದೇ ನಕ್ಷೆ ಮತ್ತೆ ಹುಟ್ಟಲು ಕ್ಯಾನ್ವಾಸಿನ ಅಳತೆಯೂ ಅದೇ ಇರಬೇಕು, ಕೈಯಿಂದ ಮಾಡಿದ ತಿದ್ದುಪಡಿಗಳಂತೂ ಬರುವುದಿಲ್ಲ. ವಂಡರ್‌ಡ್ರಾಫ್ಟ್‌ನ ನಕ್ಷೆಯನ್ನು ಗೆಳೆಯರ ಕಂಪ್ಯೂಟರಿನಲ್ಲಿ ತೆರೆದಾಗ ಮರ, ಮನೆಗಳು ಮಾಯವಾಗಿದ್ದರೆ ಹೊರಗಿನಿಂದ ತಂದ ಚಿಹ್ನೆಗಳ ಫೋಲ್ಡರು ಅಲ್ಲಿಲ್ಲ ಅಷ್ಟೆ. ಎರಡು ಗ್ರಾಫಿಕ್ಸ್ ಚಿಪ್ಪಿರುವ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಸೋಮಾರಿ ಚಿಪ್ಪನ್ನು ಆರಿಸಿಕೊಂಡಿರಬಹುದು. ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಆ ತಂತ್ರಾಂಶಕ್ಕೆ ಬಲವಾದದ್ದನ್ನು ಗೊತ್ತುಮಾಡಬೇಕು.

ಅಚ್ಚಿಗೆ ಕೊಡುವಾಗ ಲೆಕ್ಕ ಸರಳ. ಇಂಚಿಗೆ 300 ಚುಕ್ಕಿಯ ಅಚ್ಚಿಗೆ ಎ4 ಹಾಳೆಗೆ 2,480 x 3,508 ಪಿಕ್ಸೆಲ್, ಎ3ಗೆ 3,508 x 4,961. ಸಣ್ಣ ಚಿತ್ರವನ್ನು ಆಮೇಲೆ ಹಿಗ್ಗಿಸಿದರೆ ಕರಾವಳಿ ಮಂಜಾಗುತ್ತದೆ, ಆದ್ದರಿಂದ ಹೊಸ ನಕ್ಷೆ ತೆರೆಯುವಾಗಲೇ ಗಾತ್ರ ತೀರ್ಮಾನವಾಗಿರಲಿ. ಬ್ರೌಸರ್‌ನಿಂದ ತೀರ ದೊಡ್ಡ ಚಿತ್ರ ತೆಗೆಯಲು ಹೋಗಿ ಖಾಲಿ ಹಾಳೆ ಬಂದರೆ ಅದರ ಕ್ಯಾನ್ವಾಸ್ ಮಿತಿ ಮುಗಿದಿದೆ. ತುಂಡುತುಂಡಾಗಿ ಹೊರತೆಗೆದು ಗಿಂಪ್‌ನಲ್ಲಿ ಸೇರಿಸಬೇಕು. ಪರದೆಯಲ್ಲಿ ಮಿಂಚುವ ಸಮುದ್ರದ ನೀಲಿ ನಾಲ್ಕು ಬಣ್ಣದ ಅಚ್ಚಿನಲ್ಲಿ ಮಂಕಾಗುವುದು ಖಂಡಿತ. ಒಂದು ಹಾಳೆ ಮಾದರಿ ತೆಗೆಸಿ ನೋಡದೆ ಇಡೀ ಪುಸ್ತಕಕ್ಕೆ ಒಪ್ಪಿಗೆ ಕೊಡಬಾರದು.

ಉಳಿದದ್ದು ಚಿಹ್ನೆಗಳ ಬಡತನ. ಮಾರಾಟಕ್ಕಿರುವ ಚಿಹ್ನೆಗಳ ಕಟ್ಟುಗಳಲ್ಲಿ ಹೆಚ್ಚಿನವು ಮಧ್ಯಯುಗದ ಯುರೋಪಿನವು: ಚೂಪು ಶಿಖರದ ಚರ್ಚು, ಗಾಳಿಗಿರಣಿ, ಪೈನ್ ಮರ, ಇಳಿಜಾರು ಹೆಂಚಿನ ಮನೆ. ಬಯಲುಸೀಮೆಯ ಕತೆ ಬರೆಯುವವರು ಇವನ್ನೇ ಹಚ್ಚಿದರೆ ನಕ್ಷೆ ಬವೇರಿಯಾದ್ದಾಗುತ್ತದೆ. ಬೇಕಾದವು ಬೇರೆ: ಊರ ಅಗಸಿ, ದುಂಡನೆಯ ಹುಡೇವು, ವಾಡೆ, ಮಠ, ಮಟ್ಟಸ ಮಣ್ಣಿನ ಮಾಳಿಗೆಯ ಮನೆ, ಬಣವಿ, ಜಾಲಿ, ಬೇವು, ಏರಿ ಕಟ್ಟಿದ ಕೆರೆ. ಚಾಲುಕ್ಯರ ಗುಡಿಯ ಮಾದರಿಗೆ ಉಣಕಲ್ಲಿನ ಚಂದ್ರಮೌಳೇಶ್ವರ ವಿದ್ಯಾನಗರದಿಂದ ಕೂಗಳತೆಯಲ್ಲಿದೆ. ಪೆನ್ಸಿಲಿನಲ್ಲಿ ಬರೆದು, ಫೋನಿನಲ್ಲಿ ಫೋಟೊ ತೆಗೆದು, ಇಂಕ್‌ಸ್ಕೇಪಿನಲ್ಲಿ ಗೆರೆ ತೆಗೆದರೆ ಒಂದು ಚಿಹ್ನೆ ಸಿದ್ಧ. ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿಯಾಗಿ ಉಳಿಸಬೇಕು. ಬಿಳಿ ಹಿನ್ನೆಲೆ ಉಳಿದರೆ ಪ್ರತಿ ಗುಡಿಯ ಸುತ್ತ ಬಿಳಿ ಚೌಕ ಬೀಳುತ್ತದೆ. ಬೆಳಕು ಎಡಮೇಲಿನಿಂದ ಬೀಳುವುದು ನಕ್ಷೆಗಾರರ ರೂಢಿ. ಕೊಂಡ ಬೆಟ್ಟಗಳ ನೆರಳು ಬಲಕ್ಕಿದ್ದು, ತಾವು ಬರೆದ ಗುಡ್ಡಗಳ ನೆರಳು ಎಡಕ್ಕಿದ್ದರೆ ನೋಡುವವರಿಗೆ ಗುಡ್ಡ ಕುಳಿಯಂತೆ ಕಂಡೀತು. ಕಡತದ ಹೆಸರನ್ನು ರೋಮನ್ ಅಕ್ಷರದಲ್ಲೇ, ಜಾಗ ಬಿಡದೆ ಇಟ್ಟರೆ ತಂತ್ರಾಂಶ ಅದನ್ನು ಗುರುತಿಸದೆ ಸತಾಯಿಸುವ ಸಾಧ್ಯತೆ ಕಡಿಮೆ.